ಬಳ್ಳಿಗಾವೆಯ ನಕರವೂ ನಾಡ ಆಡಳಿತವೂ: ಒಂದು ವಣಿಕ್ ಸಂಘದ ಧರ್ಮನೀತಿ

ವರ್ತಕರು ಒಂದು ಸಂಘವಾಗಿ ಕೂಡುವುದು, ಆ ಸಂಘವು ಸರಕಾರದ ಮನ್ನಣೆಯನ್ನು ಕೇಳುವುದು, ಸರಕಾರವು ಅದಕ್ಕೆ ಕೆಲವು ಸೌಲಭ್ಯಗಳನ್ನು ನೀಡುವುದು, ಇವೆಲ್ಲವೂ ಇಂಗ್ಲಿಷರ ಆಳ್ವಿಕೆಯೊಂದಿಗೆ ನಮ್ಮ ನಾಡಿಗೆ ಬಂದ ಪದ್ಧತಿಗಳೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ‘ಚೇಂಬರ್ ಆಫ್ ಕಾಮರ್ಸ್’ ಎಂಬ ಹೆಸರು ಹೊರಗಿನದೆಂಬುದು ನಿಜ. ಆದರೆ ಆ ಹೆಸರಿನ ಹಿಂದಿರುವ ವಸ್ತು ಹೊರಗಿನದಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಿಲಾಶಾಸನಗಳನ್ನು ಓದಿದವರಿಗೆ ಇದು ತಾನಾಗಿಯೇ ಮನದಟ್ಟಾಗುತ್ತದೆ. ಒಂಬೈನೂರು ವರ್ಷಗಳಿಗೂ ಹಿಂದೆ ಈ ಎರಡು ತಾಲ್ಲೂಕುಗಳ ನೆಲದಲ್ಲಿ ವರ್ತಕರ ಸಂಘವಿತ್ತು, ಅದಕ್ಕೆ ನಾಡ ಆಡಳಿತದ ಆಶ್ರಯವಿತ್ತು, ಆ ಆಶ್ರಯಕ್ಕೆ ಪ್ರತಿಯಾಗಿ ಸಂಘದ ಮೇಲೆ ಕೆಲವು ಹೊಣೆಗಳೂ ಇದ್ದವು. ಆ ಸಂಘದಲ್ಲಿ ಜೈನ ಶ್ರಾವಕರಿಗೆ ಗೌರವದ ಸ್ಥಾನವಿತ್ತು. ಆ ಹೊಣೆಗಳು ಯಾವುವು, ಅವುಗಳಿಂದ ಇಂದಿನ ಶ್ರಾವಕ ಸಮಾಜ ಕಲಿಯಬೇಕಾದುದೇನು ಎಂಬುದೇ ಈ ಲೇಖನದ ವಿಚಾರ.

ನಾಡು ಮತ್ತು ಪೇಟೆ

ಬಳ್ಳಿಗಾವೆ ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ದೇವಾಲಯಗಳನ್ನೂ ಗಂಡಭೇರುಂಡ ಸ್ತಂಭವನ್ನೂ ನೋಡಲು ಪ್ರವಾಸಿಗರು ಅಲ್ಲಿಗೆ ಬರುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿತ್ತು. ಆ ಪ್ರಾಂತ್ಯದೊಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಮೊದಲಾದ ಸಣ್ಣ ನಾಡುಗಳಿದ್ದವು. ಬಂದಣಿಕೆ, ಎಂದರೆ ಇಂದಿನ ಬಂದಳಿಕೆ, ನಾಗರಖಂಡಕ್ಕೆ ಸೇರಿದ ತೀರ್ಥ. ಸೊರಬದ ಕಡೆಗೆ ಉದ್ಧರೆ, ಕುಪ್ಪಟೂರುಗಳು ಬಸದಿಗಳಿಂದಲೂ ನಿಷಿಧಿ ಕಲ್ಲುಗಳಿಂದಲೂ ಪ್ರಸಿದ್ಧವಾಗಿದ್ದವು. ಮಲೆನಾಡಿನ ಮೆಣಸು, ಅಡಕೆ, ವೀಳ್ಯದೆಲೆಗಳು ಬಯಲುಸೀಮೆಗೆ ಇಳಿಯುವ ಮತ್ತು ಬಯಲಿನ ಧಾನ್ಯ, ಎಣ್ಣೆ, ಬಟ್ಟೆಗಳು ಮಲೆಯನ್ನು ಏರುವ ದಾರಿಯಲ್ಲಿ ಈ ಪ್ರದೇಶವಿದ್ದುದರಿಂದ ಇಲ್ಲಿ ವ್ಯಾಪಾರ ಬೆಳೆದುದು ಸಹಜವೇ ಆಗಿತ್ತು.

ಈ ಪ್ರದೇಶದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಲ್ಲಿ ಪ್ರಕಟಿಸಿದರು. 1902ರಲ್ಲಿ ಹೊರಬಂದ ಏಳನೆಯ ಸಂಪುಟದಲ್ಲಿ ಶಿಕಾರಿಪುರವೂ 1904ರ ಎಂಟನೆಯ ಸಂಪುಟದಲ್ಲಿ ಸೊರಬವೂ ಸೇರಿವೆ. ಈ ಎರಡು ಸಂಪುಟಗಳು ಅರಸರ ವಂಶಾವಳಿಯ ಆಕರಗಳು ಮಾತ್ರವಲ್ಲ. ಒಂದು ಪೇಟೆಯ ಸುಂಕ, ಅಳತೆ, ದತ್ತಿ, ಸಭೆಗಳ ಲೆಕ್ಕದ ಪುಸ್ತಕಗಳೂ ಹೌದು.

ಐನೂರ್ವರು ಮತ್ತು ನಕರ

ಶಾಸನಗಳಲ್ಲಿ ಎರಡು ಬಗೆಯ ವಣಿಕ್ ಸಂಘಗಳು ಕಾಣುತ್ತವೆ. ಒಂದು ಸ್ಥಳೀಯವಾದ ‘ನಕರ’ ಅಥವಾ ‘ನಗರ’. ಊರಿನ ಸೆಟ್ಟಿಗಳು ಕೂಡಿದ ಈ ಸಭೆಯ ಮುಖ್ಯಸ್ಥನಿಗೆ ಪಟ್ಟಣಸ್ವಾಮಿ ಎಂಬ ಬಿರುದಿರುತ್ತಿತ್ತು. ಇನ್ನೊಂದು ದೇಶದೇಶಗಳನ್ನು ಸಂಚರಿಸುತ್ತಿದ್ದ ‘ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳು’. ಅಯ್ಯಾವೊಳೆ ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ನಾನಾದೇಶಿ, ಮುಮ್ಮುರಿದಂಡ ಎಂಬ ಹೆಸರುಗಳೂ ಈ ಸಂಘದ ಜೊತೆಯಲ್ಲಿಯೇ ಬರುತ್ತವೆ.

ಶಿಕಾರಿಪುರ ತಾಲ್ಲೂಕಿನಲ್ಲಿ ದೊರೆತಿರುವ ಒಂದು ದೀರ್ಘ ಪ್ರಶಸ್ತಿಯು ಈ ಐನೂರ್ವರನ್ನು ಕುರಿತದ್ದು. ವಣಿಕ್ ಸಂಘಗಳನ್ನು ಕುರಿತು ಬರೆದ ಇತಿಹಾಸಕಾರರು ಇದನ್ನು ಮತ್ತೆ ಮತ್ತೆ ಉದಾಹರಿಸಿದ್ದಾರೆ. ಅವರು ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ನೇಪಾಳಗಳವರೆಗೂ ನೆಲದ ದಾರಿಯಿಂದಲೂ ಜಲದ ದಾರಿಯಿಂದಲೂ ಸಂಚರಿಸುವವರೆಂದು ಅದು ಬಣ್ಣಿಸುತ್ತದೆ. ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಚಂದನ, ಕರ್ಪೂರ, ಕಸ್ತೂರಿಗಳು ಅವರ ಸರಕು. ಇಲ್ಲಿ ಉತ್ಪ್ರೇಕ್ಷೆಯಿದೆ ಎಂದು ಒಪ್ಪಿದರೂ ಅದೆಲ್ಲವೂ ಕವಿಕಲ್ಪನೆಯಲ್ಲ. 1088ರಲ್ಲಿ ಸುಮಾತ್ರಾ ದ್ವೀಪದ ಬಾರೂಸ್ ಬಳಿ ಇದೇ ಐನೂರ್ವರ ಹೆಸರಿನ ತಮಿಳು ಶಾಸನವೊಂದು ನಿಂತಿತು. ಮಲೆನಾಡಿನ ಅಂಚಿನ ಪೇಟೆಯಲ್ಲಿ ಹೊಗಳಿಸಿಕೊಂಡ ಸಂಘದ ಹೆಸರು ಸಮುದ್ರದಾಚೆಗೂ ಕೇಳಿಬರುತ್ತಿತ್ತೆಂಬುದಕ್ಕೆ ಇದು ಸಾಕ್ಷಿ.

ಈ ಪ್ರಶಸ್ತಿಯಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ತಮ್ಮ ಹಿರಿಮೆಯನ್ನು ಹೇಳಿಕೊಳ್ಳುವಾಗ ಈ ವರ್ತಕರು ಸುಂಕವನ್ನು ಸಲ್ಲಿಸಿ ಚಕ್ರವರ್ತಿಯ ಬೊಕ್ಕಸವನ್ನು ತುಂಬುವವರೆಂದು ವರ್ಣಿತರಾಗಿದ್ದಾರೆ. ಸುಂಕ ಕಟ್ಟುವುದು ಅವರಿಗೆ ದಂಡವಾಗಿ ಕಾಣಲಿಲ್ಲ, ಬಿರುದಾಗಿ ಕಂಡಿತು. ತೆರಿಗೆಯ ವಿಷಯದಲ್ಲಿ ವರ್ತಕ ಸಮಾಜದ ಮಾತು ಇಂದು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ಬಲ್ಲವರು ಈ ಒಂದು ವಿಶೇಷಣದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಆಡಳಿತವು ಕೊಟ್ಟದ್ದು

ನಾಡ ಆಡಳಿತವು ವಣಿಕ್ ಸಂಘಗಳಿಗೂ ಅವು ಪೋಷಿಸುತ್ತಿದ್ದ ಧರ್ಮಸ್ಥಾನಗಳಿಗೂ ಕೊಟ್ಟ ಆಶ್ರಯವನ್ನು ಮೂರು ಭಾಗಗಳಾಗಿ ನೋಡಬಹುದು.

ಮೊದಲನೆಯದು ನಂಬಿಕೆಗೆ ಅರ್ಹವಾದ ಅಳತೆ. ಬನವಾಸಿ ಪ್ರಾಂತ್ಯವನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯರಸನು 1047ರಲ್ಲಿ ಬಳ್ಳಿಗಾವೆಯಲ್ಲಿ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದನು. ಮರುವರ್ಷ, 1048ರಲ್ಲಿ, ಅವನೇ ಜಜಾಹುತಿ ಶಾಂತಿನಾಥ ಬಸದಿಗೆ ಜಿಡ್ಡುಳಿಗೆ ಎಪ್ಪತ್ತರೊಳಗಿನ ಗದ್ದೆಯನ್ನು ದತ್ತಿಯಾಗಿ ಬಿಟ್ಟನು. ಆ ಗದ್ದೆಯನ್ನು ಅಳೆದದ್ದು ‘ಭೇರುಂಡ ಗಳೆ’ಯಿಂದ. ಗಳೆ ಎಂದರೆ ಅಳತೆಯ ಕೋಲು. ಯಾವ ಕೋಲಿನಿಂದ ಅಳೆಯಲಾಯಿತೆಂಬುದನ್ನು ಕಲ್ಲಿನಲ್ಲಿ ಹೆಸರಿಸಿದ್ದರಿಂದ ಮುಂದೆ ಯಾರೂ ಸಣ್ಣ ಕೋಲನ್ನು ತಂದು ಗದ್ದೆಯನ್ನು ಕುಗ್ಗಿಸುವಂತಿರಲಿಲ್ಲ, ದೊಡ್ಡ ಕೋಲನ್ನು ತಂದು ಹಿಗ್ಗಿಸುವಂತೆಯೂ ಇರಲಿಲ್ಲ. ಸರಕಾರವು ವ್ಯಾಪಾರಕ್ಕೆ ಮಾಡಬಹುದಾದ ಉಪಕಾರಗಳಲ್ಲಿ ಸ್ಥಿರವಾದ ಅಳತೆಗಿಂತ ದೊಡ್ಡದು ಯಾವುದಿದೆ?

ಎರಡನೆಯದು ಸುಂಕದ ಆಡಳಿತ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ತೆರಿಗೆಗಳ ಹೆಸರುಗಳು ಬಳ್ಳಿಗಾವೆಯ ಶಾಸನಗಳಲ್ಲಿ ಬರುತ್ತವೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅನಂತಪಾಲ ದಂಡನಾಯಕನೂ ಅವನ ಕೈಕೆಳಗಿನ ಗೋವಿಂದರಸನೂ ಈ ತೆರಿಗೆಗಳ ಅಧಿಕಾರವನ್ನು ಹೊಂದಿದ್ದರು. ಸುಂಕದ ಹೆಗ್ಗಡೆಗಳು ತಮ್ಮ ವಸೂಲಿಯ ಒಂದು ಪಾಲನ್ನು ದೇವರ ಪೂಜೆಗೋ ಅನ್ನದಾನಕ್ಕೋ ಬಿಡುವುದು ಅಂದಿನ ರೂಢಿ. ಅದೇ ಸಮಯದಲ್ಲಿ ವರ್ತಕರು ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ, ಅಂಗಡಿಗೆ ಇಷ್ಟು ಎಂದು ತಾವೇ ನಿಶ್ಚಯಿಸಿಕೊಂಡು ಕೊಡುವುದೂ ರೂಢಿಯಾಗಿತ್ತು. ಸರಕಾರವು ಬಿಟ್ಟದ್ದು ವರ್ತಕನ ಗಲ್ಲಾಪೆಟ್ಟಿಗೆಗೆ ಹೋಗಲಿಲ್ಲ; ಅದು ಧರ್ಮಕ್ಕೆ ಹೋಯಿತು, ಅದರ ಮೇಲೆ ವರ್ತಕನು ತನ್ನದನ್ನೂ ಸೇರಿಸಿದನು. ರಿಯಾಯಿತಿಯ ಈ ತರ್ಕವು ಮುಖ್ಯವಾದುದು.

ಮೂರನೆಯದು ಅಧಿಕಾರಿಗಳ ನೇರವಾದ ಆಸ್ಥೆ. 1068ರಲ್ಲಿ ಎರಡನೆಯ ಸೋಮೇಶ್ವರನ ಅಧೀನದಲ್ಲಿ ಬನವಾಸಿಯನ್ನು ಆಳುತ್ತಿದ್ದ ಲಕ್ಷ್ಮರಸನ ಬಳಿ ಶಾಂತಿನಾಥನೆಂಬ ಅಧಿಕಾರಿಯಿದ್ದನು. ‘ಸುಕುಮಾರಚರಿತೆ’ಯನ್ನು ಬರೆದ ಕವಿ ಶಾಂತಿನಾಥನು ಇವನೇ. ಬಳ್ಳಿಗಾವೆಯಲ್ಲಿ ಮರದಿಂದ ಕಟ್ಟಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಶಿಲೆಯಿಂದ ಕಟ್ಟಿಸಬೇಕೆಂದು ಅವನು ಒಡೆಯನಲ್ಲಿ ಬಿನ್ನವಿಸಿಕೊಂಡನು. ಲಕ್ಷ್ಮರಸನು ಅದನ್ನು ನೆರವೇರಿಸಿದನು. 1077ರಲ್ಲಿ ಬರ್ಮದೇವ ದಂಡನಾಯಕನ ಮೂಲಕ ಬಂದ ಬಿನ್ನಪವನ್ನು ಮನ್ನಿಸಿ ಆರನೆಯ ವಿಕ್ರಮಾದಿತ್ಯನು ಬಳ್ಳಿಗಾವೆಯ ಚಾಲುಕ್ಯ ಗಂಗ ಪೆರ್ಮಾನಡಿ ಜಿನಾಲಯಕ್ಕೆ ಜಿಡ್ಡುಳಿಗೆ ಎಪ್ಪತ್ತರೊಳಗಿನ ಗ್ರಾಮವೊಂದನ್ನು ಕೊಟ್ಟನು. ಅದನ್ನು ಪಡೆದವರು ರಾಮಸೇನ ಪಂಡಿತರು. ಬಿನ್ನಪ ಮಾಡಿದವನು ಯಾರು, ಅದನ್ನು ಒಯ್ದವನು ಯಾರು, ಕೊಟ್ಟವನು ಯಾರು, ಪಡೆದವರು ಯಾರು ಎಂಬ ನಾಲ್ಕೂ ಸಂಗತಿಗಳು ಸಾರ್ವಜನಿಕವಾದ ಕಲ್ಲಿನ ಮೇಲೆ ಬರೆಯಲ್ಪಟ್ಟವು. ಮರೆಯಲ್ಲಿ ನಡೆದ ಶಿಫಾರಸಿಗೆ ಇಲ್ಲಿ ಎಡೆಯಿರಲಿಲ್ಲ.

ಅಧಿಕಾರದ ಮಾದರಿ

ನಾಡ ಆಡಳಿತವೆಂದಾಗ ಅರಸರನ್ನೂ ದಂಡನಾಯಕರನ್ನೂ ಮಾತ್ರ ನೆನೆದರೆ ಸಾಲದು. ಅದಕ್ಕೂ ಹತ್ತಿರದಲ್ಲಿದ್ದವರು ನಾಳ್ಗಾವುಂಡರು. ಹತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಸ್ತ್ರೀಯಾಗಿಯೂ ಆಕೆ ನಾಡನ್ನು ದಕ್ಷತೆಯಿಂದ ಆಳಿದಳೆಂದು ಶಾಸನವು ಕೊಂಡಾಡುತ್ತದೆ. ರೋಗವು ಬಾಧಿಸಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ಸಲ್ಲೇಖನ ವ್ರತವನ್ನು ಸ್ವೀಕರಿಸಿ ದೇಹವನ್ನು ತ್ಯಜಿಸಿದಳು. ಅಧಿಕಾರವನ್ನು ಹಿಡಿಯುವಾಗ ತೋರಿದ ದಕ್ಷತೆಯನ್ನು ಅದನ್ನು ಬಿಡುವಾಗಲೂ ತೋರಿದವರು ಚರಿತ್ರೆಯಲ್ಲಿ ವಿರಳ. ಸಂಘ ಸಂಸ್ಥೆಗಳ ಪದಾಧಿಕಾರಿಗಳಾಗಿರುವವರು ಜಕ್ಕಿಯಬ್ಬೆಯನ್ನು ವರ್ಷಕ್ಕೊಮ್ಮೆಯಾದರೂ ನೆನೆಯುವುದು ಯೋಗ್ಯ.

ಇದೇ ಬಂದಣಿಕೆಯ ಶಾಂತಿನಾಥ ಬಸದಿಯು ಸುಮಾರು 1200ರ ವೇಳೆಗೆ ಬೊಪ್ಪಸೆಟ್ಟಿಯೆಂಬ ಶ್ರಾವಕನ ಸೇವೆಯನ್ನು ಪಡೆಯಿತು. ಅದಕ್ಕೆ ಸ್ವಲ್ಪ ಮೊದಲು, 1182ರಲ್ಲಿ, ‘ವಸುಧೈಕಬಾಂಧವ’ನೆಂದು ಹೆಸರಾದ ರೇಚರಸ ದಂಡನಾಯಕನು ಚಿಕ್ಕಮಾಗಡಿಯ ಜಿನಾಲಯಕ್ಕೆ ದತ್ತಿ ಬಿಟ್ಟನು. ಕಳಚುರಿಗಳ ಸೇವೆಯಲ್ಲಿದ್ದ ಈತನು ಮುಂದೆ ಹೊಯ್ಸಳರ ಆಶ್ರಯಕ್ಕೆ ಬಂದು 1220ರಲ್ಲಿ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಸ್ಥಾಪಿಸಿದನು. ರಾಜ್ಯಗಳು ಬದಲಾದರೂ ಧರ್ಮಕಾರ್ಯ ನಿಲ್ಲಲಿಲ್ಲ.

ಒಬ್ಬರ ಸಂಘವಲ್ಲ

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಅಯ್ಯಾವೊಳೆಯ ಐನೂರ್ವರು ಜೈನರದ್ದೇ ಆದ ಸಂಘವಾಗಿರಲಿಲ್ಲ. ಅವರ ಆರಾಧ್ಯ ದೇವತೆ ಭಗವತಿ. ಅವರ ದತ್ತಿಗಳು ಶಿವಾಲಯಗಳಿಗೂ ಸಂದಿವೆ, ಬಸದಿಗಳಿಗೂ ಸಂದಿವೆ. ಬಳ್ಳಿಗಾವೆಯೇ ಹರಿ, ಹರ, ಬ್ರಹ್ಮ, ಜಿನ, ಬುದ್ಧರ ಸ್ಥಾನಗಳಿದ್ದ ಊರು. ಒಂದನೆಯ ಸೋಮೇಶ್ವರನ ದಂಡನಾಯಕ ರೂಪಭಟ್ಟಯ್ಯನು ಅಲ್ಲಿ 1065ರ ಸುಮಾರಿಗೆ ಬೌದ್ಧ ವಿಹಾರವನ್ನು ಕಟ್ಟಿಸಿದನು. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಹನ್ನೊಂದನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಕದಂಬ ಕೀರ್ತಿದೇವನ ಪಟ್ಟದ ರಾಣಿ ಮಾಳಲದೇವಿಯು ಪಾರ್ಶ್ವನಾಥ ಚೈತ್ಯಾಲಯವನ್ನು ನಿರ್ಮಿಸಿ ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿದಾಗ, ಆ ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ ಅವರಿಂದಲೇ ಅದಕ್ಕೆ ‘ಬ್ರಹ್ಮಜಿನಾಲಯ’ವೆಂಬ ಹೆಸರನ್ನು ಇಡಿಸಿದಳು. ನೆರೆಯವರು ಒಪ್ಪಿ ಇಟ್ಟ ಹೆಸರು ಒಂದು ಕೋಟೆಗೆ ಸಮಾನವಾದ ರಕ್ಷಣೆ.

ಇದರ ನೀತಿ ಸ್ಪಷ್ಟ. ಆಡಳಿತದ ಆಶ್ರಯವು ಒಂದು ಪಂಗಡಕ್ಕೆ ದೊರೆತ ವಿಶೇಷ ಕೃಪೆಯಾಗಿ ಕಂಡಲ್ಲಿ ಉಳಿದವರ ಮನಸ್ಸಿನಲ್ಲಿ ಅಸಮಾಧಾನ ಹುಟ್ಟುತ್ತದೆ. ಅದು ಇಡೀ ಪೇಟೆಗೆ ಒಳಿತು ಮಾಡುವ ಸಂಘಕ್ಕೆ ದೊರೆತಾಗ ಎಲ್ಲರೂ ಅದನ್ನು ಕಾಪಾಡುತ್ತಾರೆ. ಜೈನ ವರ್ತಕರು ನಕರದ ಒಳಗಿದ್ದು ದೊಡ್ಡವರಾದರೇ ಹೊರತು ನಕರದಿಂದ ಹೊರಗೆ ನಿಂತಲ್ಲ.

ಆಶ್ರಯದ ಮಿತಿ

ರಾಜಾಶ್ರಯವು ಮಳೆಯಂತೆ, ಬಂದಾಗ ಕೆರೆಯನ್ನು ತುಂಬಿಸಿಕೊಳ್ಳದವನಿಗೆ ಬೇಸಿಗೆಯಲ್ಲಿ ಉಪಾಯವಿಲ್ಲ. ಚಾಲುಕ್ಯರ ತರುವಾಯ ಕಳಚುರಿಗಳು, ಅವರ ತರುವಾಯ ಹೊಯ್ಸಳರು ಮತ್ತು ಸೇವುಣರು ಈ ಪ್ರದೇಶಕ್ಕಾಗಿ ಹೋರಾಡಿದರು. ಕಾಲಕ್ರಮದಲ್ಲಿ ರಾಜಧಾನಿಯ ವೈಭವವು ಮಾಯವಾಯಿತು. ಬಳ್ಳಿಗಾವೆ ಹಳ್ಳಿಯಾಯಿತು, ಬಂದಳಿಕೆಯ ಬಸದಿಯ ಸುತ್ತ ಮನೆಗಳಿಲ್ಲದಾದವು. ಅಲ್ಲಿನ ಜಿನಾಲಯಗಳು ದತ್ತಿಗಳನ್ನು ಕಳೆದುಕೊಂಡವು.

ಆದರೆ ಆಶ್ರಯ ಕುಗ್ಗಿದ ಕಾಲದಲ್ಲಿಯೂ ಶ್ರಾವಕ ವರ್ತಕರು ಹೇಗೆ ನಡೆದುಕೊಂಡರೆಂಬುದಕ್ಕೆ ಶ್ರವಣಬೆಳಗೊಳದ 1368ರ ಶಾಸನವೇ ಪ್ರಮಾಣ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ವಿಜಯನಗರದ ಬುಕ್ಕರಾಯನು ಎರಡೂ ಸಮಯಗಳಿಗೆ ಭೇದವಿಲ್ಲವೆಂದು ತೀರ್ಪಿತ್ತು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಜೈನರ ಪ್ರತಿಯೊಂದು ಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಅದರಿಂದ ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲುಗಾರರನ್ನು ನಿಯಮಿಸಿ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕೆಂದು ಗೊತ್ತಾಯಿತು. ಆ ವ್ಯವಸ್ಥೆಯನ್ನು ನಡೆಸುವ ಹೊಣೆಯನ್ನು ಹೊತ್ತವರು ತಿರುಮಲೆಯ ತಾತಯ್ಯನವರು, ಎಂದರೆ ವೈಷ್ಣವರು. ಬುಕ್ಕರಾಯನಲ್ಲಿ ಬಿನ್ನಹ ಮಾಡಿ ಶಾಸನದ ಜೀರ್ಣೋದ್ಧಾರಕ್ಕೆ ಕಾರಣನಾದ ಬುಸುವಿಸೆಟ್ಟಿಗೆ ಎರಡೂ ಸಮಯದವರು ಸೇರಿ ‘ಸಂಘನಾಯಕ’ ಪಟ್ಟವನ್ನು ಕಟ್ಟಿದರು. ಸರಕಾರದಿಂದ ಜೈನರು ಪಡೆದದ್ದು ಧನವಲ್ಲ, ನ್ಯಾಯ. ಧನವನ್ನು ಅವರು ತಮ್ಮ ಮನೆಗಳಿಂದಲೇ ಕೂಡಿಸಿದರು.

ಮೈಸೂರು ಸಂಸ್ಥಾನದ ಕಾಲ

ಶಿಕಾರಿಪುರ, ಸೊರಬಗಳು ಮುಂದೆ ಮೈಸೂರು ಸಂಸ್ಥಾನದ ಭಾಗಗಳಾದವು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಾಗ, ಪ್ರತಿಯೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ಭೂಹಿಡುವಳಿದಾರರನ್ನೂ ಜಿಲ್ಲೆಗೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರನ್ನೂ ಆರಿಸಿ ಕಳುಹಿಸುವಂತೆ ಸ್ಥಳೀಯ ಮಂಡಳಿಗಳಿಗೆ ಸೂಚಿಸಲಾಯಿತು. ಸ್ಥಳೀಯ ಆಡಳಿತವು ವರ್ತಕರ ದನಿಯನ್ನು ರಾಜಧಾನಿಗೆ ಮುಟ್ಟಿಸಿದ ಸಂದರ್ಭವಿದು. 1911ರಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಆರಂಭವಾಯಿತು. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗಳ ಒಕ್ಕೂಟದ ಮೂಲ ಇದೇ. ಈ ಪೀಳಿಗೆಯ ವಾಣಿಜ್ಯ ಮಂಡಳಿಯನ್ನು ಹುಟ್ಟಿಸಿದವರು ವರ್ತಕರಷ್ಟೇ ಅಲ್ಲ, ಒಬ್ಬ ದಿವಾನರೂ ಹೌದೆಂಬುದು ಬಳ್ಳಿಗಾವೆಯ ಕಥೆಯನ್ನು ಬಲ್ಲವರಿಗೆ ಅಚ್ಚರಿಯ ವಿಷಯವಲ್ಲ.

1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ತರುವಾಯ ತೂಕ, ಹರಾಜು, ಮಾರುಕಟ್ಟೆ ಶುಲ್ಕಗಳು ಸಮಿತಿಯ ಮೇಲ್ವಿಚಾರಣೆಗೆ ಬಂದವು. ಆ ಸಮಿತಿಯಲ್ಲಿ ವರ್ತಕರಿಗೂ ಪ್ರಾತಿನಿಧ್ಯ ದೊರೆಯಿತು. ಭೇರುಂಡ ಗಳೆಯ ಸ್ಥಾನದಲ್ಲಿ ಮುದ್ರೆಯೊತ್ತಿದ ತೂಕದ ಕಲ್ಲು ಬಂದಿತು. ರೂಪ ಬದಲಾಯಿತು, ತತ್ತ್ವ ಬದಲಾಗಲಿಲ್ಲ.

ಅಚೌರ್ಯದ ಅತಿಚಾರಗಳು

ಈ ಚರಿತ್ರೆಯು ಶ್ರಾವಕನ ವ್ರತಗಳೊಂದಿಗೆ ಹೇಗೆ ಕೂಡುತ್ತದೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ ಮಾಡುವುದು, ಇವೇ ಆ ಐದು. ಐದೂ ಅಂಗಡಿಯಲ್ಲಿ ನಡೆಯಬಹುದಾದ ದೋಷಗಳು. ಕನ್ನ ಕೊರೆಯುವವನಿಗಾಗಿ ಹೇಳಿದ ಮಾತುಗಳಲ್ಲ ಇವು; ಬೆಳಿಗ್ಗೆ ಬಸದಿಗೆ ಹೋಗಿ ಬಂದು ತಕ್ಕಡಿ ಹಿಡಿಯುವವನಿಗಾಗಿ ಹೇಳಿದವು.

ಆಡಳಿತದ ಆಶ್ರಯವನ್ನು ಕೇಳುವ ಸಂಘಕ್ಕೆ ಇವುಗಳಲ್ಲಿ ಮೂರನೆಯದೂ ನಾಲ್ಕನೆಯದೂ ವಿಶೇಷವಾಗಿ ಅನ್ವಯಿಸುತ್ತವೆ. ಒಂದು ಕೈಯಿಂದ ನಿವೇಶನಕ್ಕೂ ಅನುದಾನಕ್ಕೂ ಅರ್ಜಿ ಕೊಟ್ಟು ಇನ್ನೊಂದು ಕೈಯಿಂದ ಎರಡು ಬಗೆಯ ಲೆಕ್ಕ ಬರೆಯುವ ವರ್ತಕನು ರಾಜ್ಯದ ನಿಯಮವನ್ನು ಮೀರಿದವನು ಮಾತ್ರವಲ್ಲ. ತಾನು ಕಟ್ಟದ ತೆರಿಗೆಯನ್ನು ಕಟ್ಟಿದ ಬಡವನ ಹಣದಿಂದಲೇ ಅನುದಾನವನ್ನು ಪಡೆಯುವವನು. ಅಂಥ ಹಣದಿಂದ ಬಸದಿಗೆ ಗೋಪುರ ಕಟ್ಟಿಸಿದರೂ ಅದರ ತಳಪಾಯದಲ್ಲಿ ಚೌರ್ಯದ ಅಂಶವಿರುತ್ತದೆ. ಈ ಮಾತು ಕಠಿಣವಾಗಿ ಕಾಣಬಹುದು. ಆದರೆ ಆಚಾರ್ಯರ ಸೂತ್ರವನ್ನು ಇದಕ್ಕಿಂತ ಮೃದುವಾಗಿ ಅರ್ಥೈಸಲು ಬರುವುದಿಲ್ಲ.

2014ರಲ್ಲಿ ಕೇಂದ್ರ ಸರಕಾರವು ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನವನ್ನು ನೀಡಿತು. ವಿದ್ಯಾರ್ಥಿವೇತನ, ಸಾಲ, ಅನುದಾನಗಳಿಗೆ ಅರ್ಜಿ ಸಲ್ಲಿಸುವ ಅವಕಾಶಗಳು ಹೆಚ್ಚಿದವು. ಅರ್ಹರಾದ ಬಡ ಕುಟುಂಬಗಳು ಇವುಗಳನ್ನು ಪಡೆಯುವುದರಲ್ಲಿ ದೋಷವಿಲ್ಲ. ಅದು ಅವರ ಹಕ್ಕು. ಉಳ್ಳವರ ಸಂಘಗಳು ಮಾತ್ರ ಪಡೆಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ನೆರವು ಸಂಘದಲ್ಲಿಯೇ ಉಳಿಯುವುದೋ ಊರಿಗೂ ಹರಿಯುವುದೋ? ಇದಕ್ಕೆ ಸಂಘವು ತನ್ನದಾಗಿ ಎಷ್ಟನ್ನು ಸೇರಿಸುವುದು? ಇದರ ಲೆಕ್ಕವನ್ನು ನೆರೆಯವರೂ ಓದುವಂತೆ ಬಸದಿಯ ಬಾಗಿಲಲ್ಲಿ ತೂಗುಹಾಕಲು ಸಾಧ್ಯವೋ? ಈ ಮೂರಕ್ಕೂ ಬಳ್ಳಿಗಾವೆಯ ಹಿರಿಯರು ಕಲ್ಲಿನಲ್ಲಿ ಉತ್ತರ ಕೊಟ್ಟಿದ್ದರು.

ಬಸದಿಗಳ ಟ್ರಸ್ಟುಗಳು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಪ್ರತಿವರ್ಷ ಲೆಕ್ಕಪತ್ರವನ್ನು ಒಪ್ಪಿಸುವ ದಿನ, ಲೆಕ್ಕವನ್ನು ಓದುವುದಕ್ಕೆ ಮೊದಲು, ತಮ್ಮ ಬಸದಿಗೆ ಸಂಬಂಧಿಸಿದ ಅಥವಾ ಸಮೀಪದ ಒಂದು ದತ್ತಿಶಾಸನದ ತಾತ್ಪರ್ಯವನ್ನು ಸಭೆಯಲ್ಲಿ ಓದಿಸಬೇಕು. ಯಾರು ಕೊಟ್ಟರು, ಯಾವ ಕೋಲಿನಿಂದ ಅಳೆದರು, ಯಾತಕ್ಕಾಗಿ ಕೊಟ್ಟರು ಎಂಬುದನ್ನು ಕೇಳಿದ ಕಿವಿಗೆ ತನ್ನ ಟ್ರಸ್ಟಿನ ಲೆಕ್ಕವು ಬೇರೆಯಾಗಿಯೇ ಕೇಳಿಸುತ್ತದೆ.

ದತ್ತಿಶಾಸನಗಳ ನೆತ್ತಿಯಲ್ಲಿ ಮುಕ್ಕೊಡೆಯ ಕೆಳಗೆ ಕುಳಿತ ಜಿನನ ಪಕ್ಕದಲ್ಲಿ ಹಸು ಕರುಗಳನ್ನೂ ಮೇಲೆ ಸೂರ್ಯ ಚಂದ್ರರನ್ನೂ ಬಿಡಿಸುವುದು ಪದ್ಧತಿ. ಸೂರ್ಯ ಚಂದ್ರರಿರುವವರೆಗೆ ಕೊಟ್ಟ ಮಾತು ನಡೆಯಲಿ ಎಂಬುದು ಅದರ ಅರ್ಥ. ಬಳ್ಳಿಗಾವೆಯ ಪೇಟೆ ಹೋಯಿತು, ಸುಂಕದ ಹೆಗ್ಗಡೆಗಳು ಹೋದರು, ಐನೂರ್ವರ ಹೇರುಗಳು ನಡೆದ ದಾರಿಗಳು ಅಳಿಸಿಹೋದವು. ಕಲ್ಲಿನ ಮೇಲಿನ ಲೆಕ್ಕ ಮಾತ್ರ ಉಳಿದಿದೆ. ವರ್ತಕನು ಮುಂದಿನವರಿಗೆ ಬಿಟ್ಟುಹೋಗಬಹುದಾದ ಆಸ್ತಿಗಳಲ್ಲಿ ಶುದ್ಧವಾದ ಲೆಕ್ಕವೇ ಬಹುಕಾಲ ಬಾಳುವುದೆಂದು ಆ ಕಲ್ಲುಗಳು ಹೇಳುತ್ತಿವೆ.